ಶಾಂತಿಯೂ ಒಂದು ದುಡಿಮೆ

ಯುದ್ಧಕ್ಕೆ ಹಣ ಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಶಾಂತಿಗೂ ಹಣ ಬೇಕು, ಜನ ಬೇಕು, ವರ್ಷಗಟ್ಟಲೆಯ ದುಡಿಮೆ ಬೇಕು ಎಂಬುದನ್ನು ಮಾತ್ರ ನಾವು ನೆನೆಯುವುದು ಅಪೂರ್ವ. ಕಾಳಗ ನಿಂತೊಡನೆ ಶಾಂತಿ ತಾನಾಗಿಯೇ ಬಂದು ನೆಲಸುವುದೆಂದು ಭಾವಿಸುತ್ತೇವೆ. ಈ ಭಾವನೆ ಎಷ್ಟು ತಪ್ಪೆಂಬುದು ಆಫ್ರಿಕ ಖಂಡದ ಆಗ್ನೇಯ ತೀರದಲ್ಲಿರುವ ಮೊಜಾಂಬಿಕ್ ದೇಶದ ವೃತ್ತಾಂತದಿಂದ ತಿಳಿಯುತ್ತದೆ.

1975ರಲ್ಲಿ ಪೋರ್ಚುಗಲ್ಲಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಆ ದೇಶ ಎರಡೇ ವರ್ಷಗಳಲ್ಲಿ ಅಂತರ್ಯುದ್ಧಕ್ಕೆ ತುತ್ತಾಯಿತು. ಫ್ರೆಲಿಮೊ ಪಕ್ಷದ ಸರಕಾರ ಒಂದು ಕಡೆ, ರೆನಾಮೊ ಎಂಬ ಬಂಡಾಯದ ಪಡೆ ಇನ್ನೊಂದು ಕಡೆ. ಇಬ್ಬರಿಗೂ ಹೊರಗಿನವರು ಆಯುಧಗಳನ್ನು ಒದಗಿಸಿದರು. ಕಾಳಗದಿಂದಲೂ ಕ್ಷಾಮದಿಂದಲೂ ಸುಮಾರು 10 ಲಕ್ಷ ಮಂದಿ ಮಡಿದರು. ಗೆಲವು ಮಾತ್ರ ಯಾರ ಕೈಗೂ ಬರಲಿಲ್ಲ.

1990ರಲ್ಲಿ ಎರಡು ಪಕ್ಷದವರೂ ರೋಮ್ ನಗರದಲ್ಲಿ ಮಾತಿಗೆ ಕುಳಿತರು. ಅವರ ನಡುವೆ ನಿಂತು ಸಂಧಾನ ನಡೆಸಿದವರು ಸೇನಾನಿಗಳಲ್ಲ. ಸಾಂತ್ ಎಜಿದಿಯೊ ಎಂಬ ಕ್ರೈಸ್ತ ಸಮುದಾಯದವರು, ಮೊಜಾಂಬಿಕ್ಕಿನ ಬೇಯ್ರ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಅವರು, ಇಟಲಿ ಸರಕಾರದ ಒಬ್ಬ ಪ್ರತಿನಿಧಿ. ಎರಡು ವರ್ಷಕ್ಕೂ ಮಿಕ್ಕ ತಾಳ್ಮೆಯ ಫಲವಾಗಿ 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ರುಜು ಬಿದ್ದಿತು.

ನಿಜವಾದ ಕೆಲಸ ಮೊದಲಾದುದು ಆಮೇಲೆಯೇ. ವಿಶ್ವಸಂಸ್ಥೆಯ ನೆರವಿನಿಂದ ಉಭಯ ಪಕ್ಷದ ಯೋಧರನ್ನು ಶಿಬಿರಗಳಲ್ಲಿ ಸೇರಿಸಿ, ಆಯುಧಗಳನ್ನು ಒಪ್ಪಿಸಿಕೊಂಡು, 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ಊರಿಗೆ ಕಳುಹಿಸಬೇಕಾಯಿತು. ಈ ಕಾರ್ಯದಲ್ಲಿ ನಮ್ಮ ಭಾರತದ ಸೈನಿಕರೂ ಸೇವೆ ಸಲ್ಲಿಸಿದರು. ನೆರೆನಾಡುಗಳಿಗೆ ಓಡಿದ್ದ ಸುಮಾರು 17 ಲಕ್ಷ ನಿರಾಶ್ರಿತರು ಮರಳಿದರು. 1994ರ ಚುನಾವಣೆಯಲ್ಲಿ ರೆನಾಮೊ 250 ಸ್ಥಾನಗಳಲ್ಲಿ 112ನ್ನು ಪಡೆದು, ಕಾಡನ್ನು ಬಿಟ್ಟು ಶಾಸನಸಭೆಗೆ ಬಂದಿತು. ನೆಲದಲ್ಲಿ ಹುದುಗಿದ್ದ ಸಿಡಿಗುಂಡುಗಳನ್ನು ತೆಗೆದು ಮುಗಿಸಲು 2015ರವರೆಗೆ ಹಿಡಿಯಿತು.

ಈ ಶಾಂತಿ ಕುಂದಿಲ್ಲದ್ದೆಂದು ನಾವು ಹೇಳುವುದಿಲ್ಲ. 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು. 2019ರಲ್ಲಿ ಹೊಸ ಒಪ್ಪಂದ ಬೇಕಾಯಿತು. ರೆನಾಮೊವಿನ ಕಡೆಯ ನೆಲೆ ಮುಚ್ಚಿದುದು 2023ರಲ್ಲಿ. ಉತ್ತರದ ಕಾಬೊ ದೆಲ್ಗಾದೊ ಪ್ರಾಂತದಲ್ಲಿ 2017ರಲ್ಲಿ ಬೇರೊಂದು ದಂಗೆ ಎದ್ದಾಗ ಹೊರಗಿನ ಸೇನೆಗಳನ್ನೂ ಕರೆಸಿಕೊಳ್ಳಬೇಕಾಯಿತು. ಕೊಲೆಗಾರನ ಕೈ ಹಿಡಿಯಲು ಬಲ ಬೇಕಾದ ಸಂದರ್ಭಗಳುಂಟೆಂಬುದನ್ನು ಯಾರು ಅಲ್ಲಗಳೆದಾರು? ಆದರೆ ಮನೆಗೆ ಕಾವಲುಗಾರ ಬೇಕೆಂದ ಮಾತ್ರಕ್ಕೆ ಮನೆ ಕಟ್ಟುವ ಹಣವನ್ನೆಲ್ಲ ಕಾವಲಿಗೇ ಸುರಿಯುವುದು ವಿವೇಕವೆ?

ಇಂದು ಲೋಕ ನಡೆಸುತ್ತಿರುವ ಲೆಕ್ಕ ಹೀಗೆಯೇ ಇದೆ. 2024ರಲ್ಲಿ ಜಗತ್ತಿನ ಸೈನಿಕ ವೆಚ್ಚ ಸುಮಾರು 2.7 ಲಕ್ಷ ಕೋಟಿ ಡಾಲರುಗಳು. ಆ ವರ್ಷದ ನಡುವೆ ಮೊದಲಾದ ಹಣಕಾಸಿನ ವರ್ಷಕ್ಕೆ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಗೊತ್ತುಮಾಡಿದುದು ಸುಮಾರು 560 ಕೋಟಿ. ಎಂದರೆ ಸಾವಿರಕ್ಕೆ ಎರಡರಂತೆ. ಒಂಬತ್ತು ರಾಷ್ಟ್ರಗಳ ಬಳಿ 12 ಸಾವಿರದಷ್ಟು ಪರಮಾಣು ಅಸ್ತ್ರಗಳಿವೆ. ಅವುಗಳಲ್ಲಿ ಒಂದಾದರೂ ಒಬ್ಬ ಯೋಧನ ಕೈಯಿಂದ ಬಂದೂಕನ್ನು ಬಿಡಿಸಿ ನೇಗಿಲನ್ನು ಕೊಡಲಾರದು, ಒಂದು ಹೊಲದ ಸಿಡಿಗುಂಡನ್ನು ಹೆಕ್ಕಲಾರದು, ಓಡಿಹೋದ ಒಂದು ಸಂಸಾರವನ್ನು ಮನೆಗೆ ಕರೆತರಲಾರದು.

ಇವೆಲ್ಲ ಮನುಷ್ಯರು ಮಾಡತಕ್ಕ ಕೆಲಸಗಳು. ಮಾಡುವವರಿದ್ದಾರೆ, ಮಾಡುವ ವಿಧಾನವೂ ತಿಳಿದಿದೆ. ಸಾವಿರಕ್ಕೆ ಎರಡು ಎಂಬುದನ್ನು ಹತ್ತಾಗಿಸಬೇಕೆಂದು ಕೇಳುವುದು ಕನಸಿಗರ ಮಾತಲ್ಲ. ಲೆಕ್ಕ ಬಲ್ಲ ಗೃಹಸ್ಥರ ಮಾತು.