ನಡುಗಡ್ಡೆಗೆ ಹೋಗುವ ಮುನ್ನ

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಕೌಜಲಗಿಯಿರಲಿ, ಮೂಡಲಗಿಯಿರಲಿ, ಹುಕ್ಕೇರಿಯಿರಲಿ, ಮಕ್ಕಳನ್ನು ತುಂಬಿಕೊಂಡ ಬಸ್ಸು ಪೂರ್ವದ ಕಡೆ ಹೊರಟರೆ ಹಂಪಿಯನ್ನು ಬಿಟ್ಟು ಬರುವುದು ಅಪರೂಪ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು ಸಿದ್ಧವಾಗುತ್ತದೆ, ಹಾಸಿಗೆ ಹೊದಿಕೆ ಸಿದ್ಧವಾಗುತ್ತದೆ. ಹೋದ ಊರಿನಲ್ಲಿ ಹೇಗೆ ಇರಬೇಕು ಎಂಬ ಸಿದ್ಧತೆಯೊಂದೇ ಉಳಿದುಬಿಡುತ್ತದೆ.

ಈ ಮಾತಿಗೆ ಹಂಪಿಯ ಸೆರಗಿನಲ್ಲೇ ಇರುವ ಎರಡು ನಡುಗಡ್ಡೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ತುಂಗಭದ್ರೆಯ ಕವಲುಗಳ ನಡುವೆ ವಿರೂಪಾಪುರ ಗಡ್ಡೆ ಇದೆ. ಅಲ್ಲಿಂದ ಕೆಳಗೆ ಆನೆಗೊಂದಿಯ ಬಳಿ ನವವೃಂದಾವನ. ಮೊದಲನೆಯದು ಮೋಜಿಗೆ ಹೆಸರಾಗಿತ್ತು, ಎರಡನೆಯದು ಭಕ್ತಿಗೆ.

ದಾಟಬಾರದ ಗೆರೆ

ನವವೃಂದಾವನದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳಿವೆ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು, ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರು ಇಲ್ಲಿದ್ದಾರೆ. ನಡುವೆ ಇರುವುದು 1539ರಲ್ಲಿ ಕಾಲವಾದ ವ್ಯಾಸರಾಜರ ವೃಂದಾವನ. ಪುರಂದರದಾಸರಿಗೂ ಕನಕದಾಸರಿಗೂ ಗುರುವಾಗಿದ್ದವರು ಅವರೇ. ಹೀಗಾಗಿ ಈ ಪುಟ್ಟ ನಡುಗಡ್ಡೆ ಒಂದು ಮತದವರಿಗಷ್ಟೇ ಸೇರಿದ್ದಲ್ಲ, ಕನ್ನಡದ ಹಾಡಿನ ಪರಂಪರೆಗೂ ಸೇರಿದ್ದು.

ಇಲ್ಲಿಗೆ ಬರುವವರು ದೋಣಿಯಲ್ಲಿ ಬರಬೇಕು. ವೃಂದಾವನಗಳ ಸುತ್ತ ಎಳೆದ ಗೆರೆಯನ್ನು ದಾಟದೆ ಪ್ರದಕ್ಷಿಣೆ ಹಾಕಬೇಕು. ಗೋಡೆಯಿಲ್ಲ, ಬಾಗಿಲಿಲ್ಲ. ಇರುವುದು ಬರೀ ಒಂದು ಗೆರೆ. ಶತಮಾನಗಳ ಕಾಲ ಈ ಜಾಗ ಉಳಿದುಬಂದದ್ದು ಬಂದವರ ಸಂಯಮದ ಮೇಲೆ.

ಆ ಸಂಯಮ ತಪ್ಪಿದರೆ ಏನಾಗುತ್ತದೆ ಎಂಬುದು 2019ರ ಜುಲೈನಲ್ಲಿ ಗೊತ್ತಾಯಿತು. ನಿಧಿಯ ಆಸೆಗೆ ಬಿದ್ದ ದುಷ್ಕರ್ಮಿಗಳು ರಾತ್ರೋರಾತ್ರಿ ವ್ಯಾಸರಾಜರ ವೃಂದಾವನವನ್ನು ಕಿತ್ತುಹಾಕಿದರು. ಸುದ್ದಿ ಹಬ್ಬುತ್ತಲೇ ಮಠಾಧೀಶರೂ ಭಕ್ತರೂ ಧಾವಿಸಿ ಬಂದು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆರೋಪಿಗಳನ್ನು ಪೊಲೀಸರು ಕೆಲವೇ ದಿನಗಳಲ್ಲಿ ಬಂಧಿಸಿದರು. ಅವರು ಪ್ರವಾಸಿಗರಲ್ಲ, ಕಳ್ಳರು, ನಿಜ. ಆದರೆ 'ಇದರಿಂದ ನನಗೇನು ಸಿಗುತ್ತದೆ' ಎಂದಷ್ಟೇ ಕೇಳುತ್ತ ಬರುವ ಪ್ರತಿಯೊಬ್ಬರೂ ಆ ಗೆರೆಯನ್ನು ಒಂದಿಷ್ಟು ಅಳಿಸಿಯೇ ಹೋಗುತ್ತಾರೆ.

ಗಡ್ಡೆಯ ಏಳುಬೀಳು

ವಿರೂಪಾಪುರ ಗಡ್ಡೆಯ ಕಥೆ ಬೇರೆ. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಹೊರನಾಡಿನವರ ಬರವು ಹೆಚ್ಚಿತು. ಗುಡಿಯ ಪಕ್ಕದಲ್ಲಿ ಸಿಗದ ಊಟ, ಸಂಗೀತ, ಸ್ವಚ್ಛಂದ ಅವರಿಗೆ ನದಿಯಾಚೆ ಸಿಕ್ಕಿತು. ಗದ್ದೆಗಳ ಅಂಚಿನಲ್ಲಿ ಗುಡಿಸಲು, ಗುಡಿಸಲ ಬದಿಯಲ್ಲಿ ತಂಗುದಾಣ, ತಂಗುದಾಣ ಹೋಗಿ ರೆಸಾರ್ಟು. ಪ್ರವಾಸಿಗ ಕೇಳಿದ್ದನ್ನು ಊರು ಒದಗಿಸುತ್ತ ಹೋಯಿತು.

ಆದರೆ ಈ ಗಡ್ಡೆಯಲ್ಲೂ ಹಳೆಯ ಮಂಟಪಗಳಿದ್ದವು. 1988ರ ಸರ್ಕಾರಿ ಅಧಿಸೂಚನೆ ಇದನ್ನು ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು, ಮಾರ್ಚಿನಲ್ಲಿ ಕಟ್ಟಡಗಳು ನೆಲಸಮವಾದವು. ಅತಿಥಿಗಳನ್ನೇ ನಂಬಿದ್ದ ಕುಟುಂಬಗಳ ಅನ್ನಕ್ಕೆ ಕಲ್ಲು ಬಿತ್ತು. ಮೋಜು ಮುಗಿಸಿದವರು ಅಷ್ಟರಲ್ಲಿ ತಮ್ಮ ತಮ್ಮ ದೇಶ ಸೇರಿದ್ದರು. ಲೆಕ್ಕ ತೀರಿಸಿದವರು ಅಲ್ಲಿಯ ಜನ.

ಹಾಗಾದರೆ ತಪ್ಪು ಯಾರದು? ಕಟ್ಟಿದವರದೂ ಹೌದು, ಕಣ್ಣು ಮುಚ್ಚಿ ಕುಳಿತ ಆಡಳಿತದ್ದೂ ಹೌದು. 'ನಾನು ದುಡ್ಡು ಕೊಟ್ಟಿದ್ದೇನೆ' ಎಂದು ಏನನ್ನೂ ಕೇಳದೆ ಉಳಿದುಕೊಂಡವರದೂ ಹೌದು. ತಂಗುವ ಮನೆಗೆ ಪರವಾನಗಿ ಇದೆಯೇ ಎಂದು ವಿಚಾರಿಸುವುದು ಕೂಡ ಮರ್ಯಾದೆಯೇ.

ನೀರು ಹೇಳುವ ಮಾತು

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಅದೇ ದಿನಗಳಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ವಿರೂಪಾಪುರ ಗಡ್ಡೆ ಹೊರಜಗತ್ತಿನಿಂದ ಕಡಿದುಹೋಯಿತು. ಸಿಕ್ಕಿಬಿದ್ದ ನೂರಾರು ಜನರನ್ನು ಕರೆತರಲು ಹೋದ ರಕ್ಷಣಾ ದೋಣಿಯೇ ಮಗುಚಿತು. ನೀರುಪಾಲಾಗುತ್ತಿದ್ದ ಸಿಬ್ಬಂದಿ ಹೇಗೋ ಪಾರಾದರು. ಮುನ್ನೆಚ್ಚರಿಕೆ ಕೇಳದ ಅತಿಥಿ ಪಣಕ್ಕಿಡುವುದು ತನ್ನ ಜೀವವನ್ನಷ್ಟೇ ಅಲ್ಲ.

2025ರ ಫೆಬ್ರುವರಿಯಲ್ಲಿ ಸಮೀಪದ ಸಾಣಾಪುರದಲ್ಲಿ ಬಂಡೆಯ ಮೇಲಿಂದ ನದಿಗೆ ಜಿಗಿದ ಪ್ರವಾಸಿ ಯುವತಿಯೊಬ್ಬರು ಮತ್ತೆ ಮೇಲೆ ಬರಲಿಲ್ಲ. ಮೇಲೆ ಶಾಂತವಾಗಿ ಕಾಣುವ ಹೊಳೆಯ ಅಡಿಯಲ್ಲಿ ಬಂಡೆಗಳ ಸಂದಿಯಿದೆ, ಸೆಳೆತವಿದೆ. ಅದು ಗೊತ್ತಿರುವುದು ಹರಿಗೋಲು ನಡೆಸುವವನಿಗೆ. ಅವನು 'ಇಂದು ಬೇಡ' ಎಂದರೆ ಇನ್ನೂರು ರೂಪಾಯಿ ಹೆಚ್ಚಿಗೆ ತೋರಿಸುವುದು ಔದಾರ್ಯವಲ್ಲ, ಅವಮಾನ.

ಕಂಬವೂ ಅತಿಥಿಯೂ

ಕಲ್ಲಿನ ವಿಷಯದಲ್ಲೂ ಹೀಗೆಯೇ. ಹಂಪಿಯ ಕಂಬವೊಂದನ್ನು ಯುವಕರು ನೂಕಿ ಕೆಡವಿದ ವಿಡಿಯೊ 2019ರ ಫೆಬ್ರುವರಿಯಲ್ಲಿ ಎಲ್ಲೆಡೆ ಹರಿದಾಡಿತು. ನ್ಯಾಯಾಲಯ ಅವರಿಗೆ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಈಗ ಬಡಿಯಗೊಡುವುದಿಲ್ಲ. ಒಬ್ಬನ ಒಂದು ಏಟಿನಿಂದ ಕಂಬ ಸವೆಯದು. ಲಕ್ಷ ಜನರ ಒಂದೊಂದು ಏಟು ಅದನ್ನು ಮುಗಿಸುತ್ತದೆ. ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಅದು ಪಾಳುಬಿದ್ದ ಸ್ಮಾರಕವಲ್ಲ. ಉಡುಪು, ಚಪ್ಪಲಿ, ಕ್ಯಾಮೆರಾಗಳ ವಿಷಯದಲ್ಲಿ ಅಲ್ಲಿಯವರನ್ನು ಒಂದು ಮಾತು ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ.

ಮರ್ಯಾದೆ ಒಮ್ಮುಖವಲ್ಲ ಎಂಬುದನ್ನೂ ಹೇಳಬೇಕು. 2025ರ ಮಾರ್ಚಿನಲ್ಲಿ ಸಾಣಾಪುರದ ಬಳಿ ರಾತ್ರಿ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ಹಲ್ಲೆ ನಡೆಯಿತು. ವಿದೇಶಿ ಮಹಿಳೆ ಹಾಗೂ ಆತಿಥೇಯ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ಕಾಲುವೆಗೆ ತಳ್ಳಲ್ಪಟ್ಟ ಒಬ್ಬರು ಜೀವ ಕಳೆದುಕೊಂಡರು. ಅತಿಥಿಗೆ ನಡತೆ ಹೇಳುವ ನಾಡು ಅವರನ್ನು ಕಾಯುವ ಹೊಣೆಯನ್ನೂ ಹೊರಬೇಕು.

ನಮ್ಮದೇ ಜಲಪಾತ

ಇದೆಲ್ಲ ದೂರದ ಮಾತೆಂದು ಕೌಜಲಗಿಯವರು ತಿಳಿಯಬೇಕಿಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಬರುವ ಜನಜಾತ್ರೆಯನ್ನು ಕಂಡವರಿಗೆ ಆತಿಥೇಯನ ಸಂಕಟ ಗೊತ್ತು. 170 ಅಡಿ ಆಳಕ್ಕೆ ಧುಮುಕುವ ನೀರಿನ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು, ದಂಡೆಯ ಹಳೆಯ ಗುಡಿಯ ಬಳಿ ಬಾಟಲಿ ಎಸೆದು ಹೋಗುವವರು ಎಲ್ಲಿಂದಲೋ ಬಂದ ಅತಿಥಿಗಳೇ. ಅವರನ್ನು ಕಂಡು ಗೊಣಗುವ ಮನುಷ್ಯ ಮರುತಿಂಗಳು ಹಂಪಿಗೆ ಹೋದಾಗ ತಾನೇ ಅತಿಥಿಯಾಗುತ್ತಾನೆ.

ಆಗ ಬೇರೆ ಪಾಠವೇನೂ ಬೇಡ. ಗೋಕಾಕಿಗೆ ಬಂದವರು ಹೇಗಿರಬೇಕೆಂದು ಬಯಸುತ್ತೇವೆಯೋ ತುಂಗಭದ್ರೆಯ ದಡದಲ್ಲಿ ಹಾಗಿದ್ದರೆ ಸಾಕು. ಪ್ರವಾಸಕ್ಕೆ ಹೊರಡುವ ಮಕ್ಕಳಿಗೆ ಬುತ್ತಿಯ ಜೊತೆ ಈ ಮಾತೊಂದನ್ನು ಕಟ್ಟಿಕೊಟ್ಟರೆ ಭಾರವೇನೂ ಆಗದು.