ಹೋಮಿಯೋಪಥಿಯನ್ನು ನಂಬಿದ ಮಹನೀಯರು: ಹೆಸರು, ಸೇವೆ ಮತ್ತು ಪ್ರಮಾಣ

ಮಹಾನಗರಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆನಿಂತಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹೋಮಿಯೋಪಥಿಯ ಬಿಳಿ ಸಕ್ಕರೆ ಗುಳಿಗೆಗಳ ಪುಟ್ಟ ಸೀಸೆ ಅಪರೂಪದ ವಸ್ತುವೇನಲ್ಲ. ಈ ಗುಳಿಗೆಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ವಾದವೂ ಕೇಳಿಬರುತ್ತದೆ. ಈಶ್ವರಚಂದ್ರ ವಿದ್ಯಾಸಾಗರರು ಇದನ್ನು ನಂಬಿದ್ದರು, ರವೀಂದ್ರನಾಥ ಟಾಗೋರರು ನಂಬಿದ್ದರು, ನಾವು ನಂಬಿದರೆ ತಪ್ಪೇನು ಎಂಬುದೇ ಆ ವಾದ. ಇದನ್ನು ನಕ್ಕು ತಳ್ಳಿಹಾಕುವುದು ಸುಲಭ. ಇದನ್ನೇ ಅಂತಿಮ ಉತ್ತರವೆಂದು ಒಪ್ಪಿಕೊಳ್ಳುವುದು ಇನ್ನೂ ಸುಲಭ. ಈ ಲೇಖಕನು ವೈದ್ಯನಲ್ಲ. ಪದವಿಗಾಗಿ ಇತಿಹಾಸವನ್ನು ಓದಿ, ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುತ್ತ ಬಂದವನು. ಆದ್ದರಿಂದ ಆ ಮಹನೀಯರು ಯಾವ ಕಾಲದಲ್ಲಿ, ಯಾವ ಕಾರಣಕ್ಕಾಗಿ ಈ ಪದ್ಧತಿಯತ್ತ ಒಲಿದರು ಎಂಬುದನ್ನು ಮೊದಲು ತಿಳಿದು, ಬಳಿಕ ನಮ್ಮ ಕಾಲದ ಪ್ರಶ್ನೆಗೆ ಬರುವುದು ಉಚಿತವೆನಿಸುತ್ತದೆ.

ಪದ್ಧತಿಯ ಹುಟ್ಟು

ಹೋಮಿಯೋಪಥಿಯ ಪ್ರವರ್ತಕ ಸ್ಯಾಮ್ಯುಯೆಲ್ ಹಾನೆಮನ್ 1755ರ ಏಪ್ರಿಲ್ 10ರಂದು ಜರ್ಮನಿಯ ಮೈಸೆನ್ ಪಟ್ಟಣದಲ್ಲಿ ಜನಿಸಿದರು. ಶಿಕ್ಷಣದಿಂದ ಅವರು ಅಂದಿನ ರೂಢಿಯ ವೈದ್ಯರೇ. ಆದರೆ ಆ ಕಾಲದ ಯುರೋಪಿನಲ್ಲಿ ರೋಗಿಯ ರಕ್ತವನ್ನು ಹೊರಹರಿಸುವುದು, ಪಾದರಸದ ಔಷಧಗಳನ್ನು ಕೊಡುವುದು, ಬಲವಂತವಾಗಿ ಭೇದಿ ಮಾಡಿಸುವುದು ಇವೇ ಚಿಕಿತ್ಸೆಯ ಮುಖ್ಯ ವಿಧಾನಗಳಾಗಿದ್ದವು. ಇದರಿಂದ ಬೇಸತ್ತ ಹಾನೆಮನ್ ಗ್ರಂಥಗಳ ಅನುವಾದದಿಂದ ಜೀವನ ಸಾಗಿಸತೊಡಗಿದರು. 1790ರಲ್ಲಿ ವಿಲಿಯಂ ಕಲೆನ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಗ್ರಂಥವನ್ನು ಅನುವಾದಿಸುತ್ತಿದ್ದಾಗ, ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು ತಾವೇ ಸೇವಿಸಿ ನೋಡಿದರು. ಆ ಜ್ವರದ ಲಕ್ಷಣಗಳೇ ತಮ್ಮಲ್ಲಿ ಕಾಣಿಸಿಕೊಂಡವೆಂದು ಅವರು ಭಾವಿಸಿದರು. ಆರೋಗ್ಯವಂತನಲ್ಲಿ ಯಾವ ಲಕ್ಷಣಗಳನ್ನು ಒಂದು ವಸ್ತು ಉಂಟುಮಾಡುವುದೋ, ಅಂಥದೇ ಲಕ್ಷಣಗಳುಳ್ಳ ರೋಗವನ್ನು ಅದು ಗುಣಪಡಿಸುವುದು ಎಂಬ ಸಿದ್ಧಾಂತಕ್ಕೆ ಇದೇ ಬುನಾದಿಯಾಯಿತು. 1810ರಲ್ಲಿ ಅವರ ಪ್ರಮುಖ ಗ್ರಂಥ 'ಆರ್ಗನಾನ್' ಪ್ರಕಟವಾಯಿತು. 1843ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದರು.

ಭಾರತದಲ್ಲಿ ಪ್ರವೇಶ

ನಮ್ಮ ದೇಶದಲ್ಲಿ ಈ ಪದ್ಧತಿಯ ಆರಂಭದೊಡನೆ ಪಂಜಾಬಿನ ಮಹಾರಾಜ ರಣಜಿತ್ ಸಿಂಹರ ಹೆಸರು ಸೇರಿಕೊಂಡಿದೆ. ಟ್ರಾನ್ಸಿಲ್ವೇನಿಯಾದ ವೈದ್ಯ ಜಾನ್ ಮಾರ್ಟಿನ್ ಹೋನಿಗ್‌ಬರ್ಗರ್ ಪ್ಯಾರಿಸ್ಸಿನಲ್ಲಿ ಹಾನೆಮನ್ನರನ್ನು ಕಂಡು, 1839ರಲ್ಲಿ ಲಾಹೋರಿಗೆ ಮರಳಿ ಬಂದು ಮಹಾರಾಜರಿಗೆ ಚಿಕಿತ್ಸೆ ನೀಡಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಮಹಾರಾಜರು ತೀರಿಕೊಂಡರು. ಮಹಾರಾಜರ ಚಿಕಿತ್ಸೆಯ ಕಥೆಯನ್ನು ಹೇಳುವವರು ಈ ಕೊನೆಯ ಸಂಗತಿಯನ್ನು ಬಿಟ್ಟುಬಿಡುವುದೇ ಹೆಚ್ಚು.

ಆದರೆ ಹೋಮಿಯೋಪಥಿ ನಿಜವಾಗಿ ಬೇರೂರಿದ್ದು ಕಲ್ಕತ್ತೆಯಲ್ಲಿ. ವೈದ್ಯ ಪದವಿಯಿಲ್ಲದಿದ್ದರೂ ಈ ಪದ್ಧತಿಯನ್ನು ಅಭ್ಯಾಸ ಮಾಡಿದ್ದ ಶ್ರೀಮಂತ ಗೃಹಸ್ಥ ರಾಜೇಂದ್ರಲಾಲ್ ದತ್ತರು ಅಲ್ಲಿ ಅನೇಕರಿಗೆ ಔಷಧ ಕೊಡುತ್ತಿದ್ದರು. ತಲೆನೋವಿನಿಂದ ಬಳಲುತ್ತಿದ್ದ ವಿದ್ಯಾಸಾಗರರು ಅವರ ಔಷಧದಿಂದ ತಮಗೆ ಗುಣವಾಯಿತೆಂದು ನಂಬಿ, ತಾವೂ ಅದನ್ನು ಕಲಿತರು. ತಮ್ಮ ಬಾಳಿನ ಕೊನೆಯ ಭಾಗವನ್ನು ಅವರು ಇಂದಿನ ಝಾರ್ಖಂಡ್ ರಾಜ್ಯದಲ್ಲಿರುವ ಕರ್ಮಾಟಾಡ್ ಎಂಬಲ್ಲಿ ಸಂತಾಲ ಜನರ ನಡುವೆ ಕಳೆದರು. ಯಾವ ವೈದ್ಯನೂ ಕಾಲಿಡದಿದ್ದ ಆ ಹಳ್ಳಿಗಳಲ್ಲಿ ಬಡವರಿಗೆ ಉಚಿತವಾಗಿ ಔಷಧ ಕೊಟ್ಟು ಉಪಚರಿಸಿದರು. ಟಾಗೋರರು ಸಹ ತಮ್ಮ ಜಮೀನ್ದಾರಿಯ ಹಳ್ಳಿಗಳಲ್ಲಿ ರೈತರಿಗೆ ಇದೇ ಬಗೆಯ ಔಷಧಗಳನ್ನು ಕೊಡುತ್ತಿದ್ದರು.

ಮಹೇಂದ್ರಲಾಲ್ ಸರ್ಕಾರರ ಧೈರ್ಯ

ಈ ಸಾಲಿನಲ್ಲಿ ಅತ್ಯಂತ ಗಮನಾರ್ಹರಾದವರು ಡಾ. ಮಹೇಂದ್ರಲಾಲ್ ಸರ್ಕಾರ್ (1833-1904). ಕಲ್ಕತ್ತೆಯ ಮೆಡಿಕಲ್ ಕಾಲೇಜಿನಿಂದ 1863ರಲ್ಲಿ ಎಂ.ಡಿ. ಪದವಿ ಪಡೆದ ಅವರು ಆರಂಭದಲ್ಲಿ ಹೋಮಿಯೋಪಥಿಯ ಕಟ್ಟಾ ವಿರೋಧಿಯಾಗಿದ್ದರು. ಆ ಪದ್ಧತಿಯನ್ನು ಸಮರ್ಥಿಸುವ ಒಂದು ಪುಸ್ತಕದ ವಿಮರ್ಶೆಯ ಹೊಣೆ ಅವರಿಗೆ ಬಂದಾಗ, ಕಾಣದೆ ಖಂಡಿಸುವುದು ತರವಲ್ಲವೆಂದು ರಾಜೇಂದ್ರಲಾಲ್ ದತ್ತರ ರೋಗಿಗಳನ್ನು ಸ್ವತಃ ಗಮನಿಸತೊಡಗಿದರು. ಅಭಿಪ್ರಾಯ ಬದಲಾಯಿತು. 1867ರ ಫೆಬ್ರವರಿಯಲ್ಲಿ ತಮ್ಮದೇ ವೈದ್ಯ ಸಂಘದ ಸಭೆಯಲ್ಲಿ ಎದ್ದು ನಿಂತು ಅದನ್ನು ಬಹಿರಂಗವಾಗಿ ಹೇಳಿದರು. ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಅವರ ವೃತ್ತಿಗೆ ಭಾರೀ ಪೆಟ್ಟು ಬಿತ್ತು. 1885ರಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ನರಳುತ್ತಿದ್ದ ಶ್ರೀ ರಾಮಕೃಷ್ಣ ಪರಮಹಂಸರಿಗೆ ಚಿಕಿತ್ಸೆ ನೀಡಿದವರೂ ಇವರೇ. ಪರಮಹಂಸರು 1886ರ ಆಗಸ್ಟ್‌ನಲ್ಲಿ ದೇಹತ್ಯಾಗ ಮಾಡಿದರು.

ಇದೇ ಮಹೇಂದ್ರಲಾಲರು 1876ರಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘವನ್ನು ಕಲ್ಕತ್ತೆಯಲ್ಲಿ ಸ್ಥಾಪಿಸಿದರು. ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ ಸಿ.ವಿ. ರಾಮನ್ ಕಚೇರಿಯ ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಲು ಬಂದದ್ದು ಈ ಸಂಘದ ಪ್ರಯೋಗಾಲಯಕ್ಕೆ. 1928ರ ಫೆಬ್ರವರಿ 28ರಂದು 'ರಾಮನ್ ಪರಿಣಾಮ' ಬೆಳಕಿಗೆ ಬಂದುದೂ ಅಲ್ಲಿಯೇ. ನೊಬೆಲ್ ಪುರಸ್ಕಾರ ಪಡೆದ ಬಳಿಕ, 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ನೆಲೆಸಿದ ಸಂಗತಿ ಕನ್ನಡಿಗರಿಗೆ ತಿಳಿದದ್ದೇ. ಪ್ರಯೋಗ ಮಾಡಿ ನೋಡದೆ ಒಪ್ಪಬಾರದು ಎಂಬ ವಿಜ್ಞಾನದ ಶಿಸ್ತಿಗೆ ನಮ್ಮ ನೆಲದಲ್ಲಿ ಮನೆ ಕಟ್ಟಿಕೊಟ್ಟವರಲ್ಲಿ ಒಬ್ಬ ಹೋಮಿಯೋಪಥಿ ವೈದ್ಯರೂ ಇದ್ದರೆಂಬುದು ನೆನಪಿಡಬೇಕಾದ ಮಾತು.

ಕಂಕನಾಡಿಯ ಮುಲ್ಲರ್ ಪಾದ್ರಿಗಳು

ಕರಾವಳಿ ಮೂಲದ ಓದುಗರಿಗೆ ಇನ್ನೊಂದು ಹೆಸರು ಹೇಳಬೇಕಾಗಿಯೇ ಇಲ್ಲ. ಜರ್ಮನ್ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಅದು ಆಲದ ಮರದ ನೆರಳಿನಲ್ಲಿ ಆರಂಭವಾಯಿತೆಂದು ಆ ಸಂಸ್ಥೆ ಇಂದಿಗೂ ಸ್ಮರಿಸುತ್ತದೆ. 1890ರಲ್ಲಿ ಸಮಾಜ ಹೊರಹಾಕಿದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಪ್ಲೇಗ್ ಮಾರಿ ಬಂದಾಗ ಆ ರೋಗಿಗಳಿಗೂ ಆಸ್ಪತ್ರೆ ತೆರೆದರು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯಲ್ಲಿ 1985ರಿಂದ ಹೋಮಿಯೋಪಥಿ ಕಾಲೇಜು ನಡೆಯುತ್ತಿದೆ. ಅದರ ಪಕ್ಕದಲ್ಲಿಯೇ ಆಧುನಿಕ ವೈದ್ಯಕೀಯ ಕಾಲೇಜು ಹಾಗೂ ದೊಡ್ಡ ಆಸ್ಪತ್ರೆಯೂ ಬೆಳೆದು ನಿಂತಿವೆ.

ಅಂದು ಗುಣವಾದುದು ಹೇಗೆ?

ಇಷ್ಟು ಮಂದಿ ಪ್ರಾಮಾಣಿಕರು ತಮ್ಮ ಕಣ್ಣಾರೆ ಕಂಡದ್ದು ಸುಳ್ಳೇ? ಅಲ್ಲ. ರೋಗಿಗಳು ಗುಣ ಹೊಂದಿದ್ದು ನಿಜ. ಕಾರಣ ಯಾವುದೆಂಬುದೇ ಪ್ರಶ್ನೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಅಲ್ಲಿನ ಹೋಮಿಯೋಪಥಿ ಆಸ್ಪತ್ರೆಯಲ್ಲಿ 61 ಕಾಲರಾ ರೋಗಿಗಳ ಪೈಕಿ 10 ಮಂದಿ ಸತ್ತರು. ಇತರ ಆಸ್ಪತ್ರೆಗಳಲ್ಲಿ ಸತ್ತವರು ಅರ್ಧದಷ್ಟು. ಇದಕ್ಕೆ ಇತಿಹಾಸಕಾರರು ಕೊಡುವ ಒಂದು ವಿವರಣೆ ಸರಳವಾದುದು. ಮೈಯ ನೀರೆಲ್ಲ ಬತ್ತಿದ ರೋಗಿಯ ರಕ್ತವನ್ನು ತೆಗೆದು, ಪಾದರಸ ಕುಡಿಸಿ, ಭೇದಿ ಮಾಡಿಸಿದರೆ ಅವನು ಸಾಯುವುದೇ ಹೆಚ್ಚು. ಸಿಹಿ ಗುಳಿಗೆ ಕೊಟ್ಟು, ವಿಶ್ರಾಂತಿ ನೀಡಿ, ಶುಚಿಯಾಗಿ ಉಪಚರಿಸಿದರೆ ಬದುಕುವ ಅವಕಾಶ ಹೆಚ್ಚು. ಹಾನಿ ಮಾಡದಿರುವುದೇ ಅಂದು ದೊಡ್ಡ ಚಿಕಿತ್ಸೆಯಾಗಿತ್ತು.

ಹೋಮಿಯೋಪಥಿ ಪಡೆದವರ ಪಟ್ಟಿಯಲ್ಲಿ ಚಾರ್ಲ್ಸ್ ಡಾರ್ವಿನ್ನರ ಹೆಸರನ್ನೂ ಸೇರಿಸುವ ರೂಢಿಯುಂಟು. 1849ರಲ್ಲಿ ಮಾಲ್ವರ್ನ್ ಎಂಬಲ್ಲಿ ಡಾ. ಗಲ್ಲಿಯವರ ಜಲಚಿಕಿತ್ಸೆಗೆ ಹೋದಾಗ ಅವರು ಆ ಗುಳಿಗೆಗಳನ್ನೂ ನುಂಗಿದ್ದು ಹೌದು. ಆದರೆ ವೈದ್ಯರ ಮಾತು ಮೀರಬಾರದೆಂದು ನುಂಗಿದರೇ ಹೊರತು ನಂಬಿಕೆಯಿಂದಲ್ಲ. ಮರುವರ್ಷ ಮಿತ್ರರಿಗೆ ಬರೆದ ಪತ್ರದಲ್ಲಿ ಅವರು ಎತ್ತಿದ ಆಕ್ಷೇಪ ಮಾರ್ಮಿಕವಾದುದು. ಏನನ್ನೂ ಕೊಡದೆ ಬಿಟ್ಟಿದ್ದರೆ ರೋಗ ಏನಾಗುತ್ತಿತ್ತು ಎಂಬುದನ್ನು ಅರಿಯದೆ, ಕೊಟ್ಟದ್ದರಿಂದಲೇ ಗುಣವಾಯಿತೆಂದು ಹೇಗೆ ಹೇಳುವುದು ಎಂಬುದೇ ಅದರ ಸಾರ. ನೆಗಡಿ, ಕೆಮ್ಮು, ತಲೆನೋವುಗಳಂತಹ ಎಷ್ಟೋ ತೊಂದರೆಗಳು ತಾವಾಗಿಯೇ ಏರಿ ಇಳಿಯುತ್ತವೆ. ಏರಿದಾಗ ನಾವು ಔಷಧ ತೆಗೆದುಕೊಳ್ಳುತ್ತೇವೆ. ಇಳಿದಾಗ ಔಷಧಕ್ಕೆ ಕೀರ್ತಿ ಸಲ್ಲುತ್ತದೆ.

ಇನ್ನು ಲೆಕ್ಕದ ಮಾತು. ಸೀಸೆಯ ಮೇಲಿನ '30' ಎಂಬ ಅಂಕಿಯ ಅರ್ಥ, ಮೂಲದ್ರವ್ಯವನ್ನು 1ಕ್ಕೆ 100ರಂತೆ ತೆಳುಗೊಳಿಸುವ ಕ್ರಿಯೆ 30 ಬಾರಿ ನಡೆದಿದೆ ಎಂದು. 12ನೆಯ ಬಾರಿಗೇ ಆ ಪ್ರಮಾಣ 1ರ ಮುಂದೆ 24 ಸೊನ್ನೆಗಳಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ಒಂದು 'ಮೋಲ್' ಎಂದು ಕರೆಯುವಷ್ಟು ಪದಾರ್ಥದಲ್ಲಿರುವ ಅಣುಗಳ ಸಂಖ್ಯೆ ಸುಮಾರು 6ರ ಮುಂದೆ 23 ಸೊನ್ನೆ. ಎಂದರೆ ಅಷ್ಟು ಪದಾರ್ಥದಿಂದ ಆರಂಭಿಸಿದರೂ 12ನೆಯ ಹಂತದ ಬಳಿಕ ಅದರ ಒಂದು ಅಣುವೂ ಉಳಿದಿರುವ ಸಂಭವ ಕಡಿಮೆ. 30ನೆಯ ಹಂತದಲ್ಲಿ ಇಲ್ಲವೆಂದೇ ಹೇಳಬೇಕು. ಹಾನೆಮನ್ನರ ಕಾಲದಲ್ಲಿ ಈ ಸಂಖ್ಯೆಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ನಮಗೆ ಆ ವಿನಾಯಿತಿಯಿಲ್ಲ. ಹಾಗೆಂದು ಎಲ್ಲ ಔಷಧಗಳೂ ಹೀಗೆ ತೆಳುವಾದವುಗಳೆಂದು ಭಾವಿಸಬಾರದು. ಕೆಳಹಂತದ ದ್ರಾವಣಗಳಲ್ಲಿ ಮೂಲವಸ್ತು ಇದ್ದೇ ಇರುತ್ತದೆ, ಅದು ವಿಷವಸ್ತುವಾದರೆ ಅಪಾಯವೂ ಉಂಟು.

2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಹಾಗೂ ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪಥಿಯಿಂದ ಗುಣವಾಗುತ್ತದೆಂಬುದಕ್ಕೆ ವಿಶ್ವಾಸಾರ್ಹ ಆಧಾರವಿರುವ ರೋಗ ಒಂದೂ ಇಲ್ಲವೆಂದು ತೀರ್ಮಾನಿಸಿತು. ನಮ್ಮ ದೇಶದಲ್ಲಿ 1973ರ ಕಾಯಿದೆಯ ಮೂಲಕ ಈ ಪದ್ಧತಿಗೆ ಕೇಂದ್ರ ಮಂಡಳಿ ದೊರೆಯಿತು; 2020ರ ಕಾಯಿದೆ ಅದರ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವನ್ನು ತಂದಿತು. ಆದರೆ ಕಾನೂನಿನ ಮನ್ನಣೆ ಬೇರೆ, ರೋಗ ಗುಣವಾಗುವ ಪ್ರಮಾಣ ಬೇರೆ.

ನಾವು ಕಲಿಯಬೇಕಾದುದು

ಸಾಲ ಕೇಳಿ ಬಂದವನಿಗೆ ಜಾಮೀನುದಾರನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಸಾಲಗಾರನ ಲೆಕ್ಕಪತ್ರವನ್ನು ನೋಡದೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ಅದರಿಂದ ಜಾಮೀನುದಾರನಿಗೆ ಅವಮಾನವೂ ಆಗುವುದಿಲ್ಲ. ವಿದ್ಯಾಸಾಗರರ ಕರುಣೆ, ಮಹೇಂದ್ರಲಾಲರ ನಿಷ್ಠುರತೆ, ಮುಲ್ಲರ್ ಪಾದ್ರಿಗಳ ಸೇವೆ ಇವುಗಳ ಹಿರಿಮೆ ಗುಳಿಗೆಯ ಗುಣವನ್ನು ಅವಲಂಬಿಸಿಲ್ಲ. ವೈದ್ಯನೇ ಇಲ್ಲದ ಕಡೆ ಅವರು ರೋಗಿಯ ಬಳಿಗೆ ಹೋದರು. ಇಂದು ಮಹಾನಗರಗಳಲ್ಲಿರುವ ನಮಗೆ ಆಸ್ಪತ್ರೆ ಕೂಗಳತೆಯ ದೂರದಲ್ಲಿದೆ.

ಆದ್ದರಿಂದ ಹಿರಿಯರು ಮನೆಯಲ್ಲಿ ಸಣ್ಣಪುಟ್ಟ ನೆಗಡಿಗೆ ನಾಲ್ಕು ಗುಳಿಗೆ ಬಾಯಿಗೆ ಹಾಕಿಕೊಂಡರೆ ಜಗಳ ತೆಗೆಯಬೇಕಾದುದಿಲ್ಲ. ಆದರೆ ಮಗುವಿನ ಬಿಡದ ಜ್ವರ, ಎದೆನೋವು, ಡೆಂಗಿ, ಮೈಯಲ್ಲಿ ಕಾಣಿಸಿದ ಗಂಟು, ಇಂತಹವುಗಳಲ್ಲಿ ಒಂದು ವಾರ ನೋಡೋಣ ಎಂದು ಕಾಯುವುದು ಪ್ರಾಣಕ್ಕೇ ಎರವಾಗಬಹುದು. ಮಧುಮೇಹದ ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳನ್ನು ಗುಳಿಗೆಗಳ ಭರವಸೆಯ ಮೇಲೆ ಎಂದಿಗೂ ನಿಲ್ಲಿಸಬಾರದು. ಪರೀಕ್ಷಿಸದೆ ಖಂಡಿಸಲಾರೆನೆಂದ ಮಹೇಂದ್ರಲಾಲರ ಮಾರ್ಗವನ್ನು ಪೂರ್ತಿಯಾಗಿ ಅನುಸರಿಸಬೇಕಾದರೆ, ಪರೀಕ್ಷಿಸದೆ ನಂಬಲೂ ಬಾರದು.