ರಬ್ಬರಿನ ಬಲ, ಹಳಿಯ ಉದ್ದ

ಒಂದೂವರೆ ಕಿಲೋ ತೂಗುವ ಮಾದರಿ ವಿಮಾನವನ್ನು ಕೈಯಿಂದಲೇ ಎಸೆದು ಹಾರಿಸಬಹುದು. ಐದು ಕಿಲೋ ಆಯಿತೆಂದರೆ ತೋಳು ಸೋಲುತ್ತದೆ. ಅರ್ಧ ಚದರ ಮೀಟರ್ ರೆಕ್ಕೆಯಿರುವ ಅಂಥ ಡ್ರೋನ್ ಬೆಂಗಳೂರಿನ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 12 ಮೀಟರಿಗಿಂತ ನಿಧಾನವಾದರೆ ರೆಕ್ಕೆ ಅದನ್ನು ಹೊರಲಾರದು. ಹಾಗಾಗಿ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ವೇಗ ಕೊಟ್ಟು ಬಿಡುವುದು ಕ್ಷೇಮ. ರನ್‌ವೇ ಇಲ್ಲದ ಬಯಲಿನಲ್ಲಿ ಈ ವೇಗ ಕೊಡುವುದು ಬಂಜಿ ಕ್ಯಾಟಪಲ್ಟ್: ತುಸು ಮೇಲ್ಮುಖವಾಗಿ ನಿಲ್ಲಿಸಿದ ಹಳಿ, ಅದರ ಮೇಲೊಂದು ಪುಟ್ಟ ಗಾಡಿ, ಗಾಡಿಯನ್ನೆಳೆಯುವ ರಬ್ಬರ್ ಹಗ್ಗ.

ಹೀಗೆ ಎಳೆದು ಹಾರಿಸುವುದೇನೂ ಹೊಸತಲ್ಲ. 1904ರಲ್ಲಿ ಅಮೆರಿಕದ ಹಫ್‌ಮನ್ ಪ್ರೇರಿಯಲ್ಲಿ ರೈಟ್ ಸಹೋದರರು ಗೋಪುರದಿಂದ ಭಾರವೊಂದನ್ನು ಕೆಡವಿ, ಅದಕ್ಕೆ ಕಟ್ಟಿದ ಹಗ್ಗದಿಂದ ವಿಮಾನವನ್ನು ಹಳಿಯ ಮೇಲೆ ಓಡಿಸಿದ್ದರು. ಬೀಳುವ ಭಾರದ ಎಳೆತ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ. ರಬ್ಬರಿನ ಎಳೆತವೋ, ಬಿಟ್ಟ ಕ್ಷಣದಲ್ಲಿ ಅತಿ ಹೆಚ್ಚು, ಆಮೇಲೆ ಇಳಿಮುಖ. ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಲೆಕ್ಕ ನೋಡಿ. ನಮ್ಮ ಡ್ರೋನಿಗೆ ಬೇಕಾದ ಚಲನಶಕ್ತಿ ಸುಮಾರು 560 ಜೌಲ್. ಹಳಿ 4 ಮೀಟರ್ ಉದ್ದವಿದ್ದರೆ ಸರಾಸರಿ ಬಲ 140 ನ್ಯೂಟನ್. ಹಳಿಯ ತುದಿಗೆ ಬರುವಷ್ಟರಲ್ಲಿ ರಬ್ಬರ್ ಪೂರ್ತಿ ಸಡಿಲವಾಗುವುದಾದರೆ ಆರಂಭದ ಬಲ ಅದರ ಎರಡು ಪಟ್ಟು. ವೇಗೋತ್ಕರ್ಷ ಗುರುತ್ವದ ಐದೂವರೆ ಪಟ್ಟಿಗೂ ಮಿಗಿಲು. ಒಂದು ಕಿಲೋ ಬ್ಯಾಟರಿ ಆಗ ಐದೂವರೆ ಕಿಲೋ ಭಾರದಂತೆ ಹಿಂದಕ್ಕೆ ಒತ್ತುತ್ತದೆ. ಅದನ್ನು ಬಿಗಿದ ಪಟ್ಟಿ ಜಾರಿತೋ, ವಿಮಾನದ ಗುರುತ್ವ ಕೇಂದ್ರವೂ ಹಿಂದೆ ಸರಿಯುತ್ತದೆ. ಹಳಿ ಬಿಟ್ಟ ವಿಮಾನ ಮೂತಿ ಎತ್ತಿ, ವೇಗ ಕಳೆದುಕೊಂಡು ನೆಲಕ್ಕೆ ಬಡಿಯುತ್ತದೆ. ದಪ್ಪ ರಬ್ಬರ್ ಹಾಕಿದರೆ ಪೆಟ್ಟು ಇನ್ನೂ ಜೋರು. ನನ್ನ ಮಟ್ಟಿಗೆ, ಕೈಯಲ್ಲಿ ಹಣವಿದ್ದರೆ ಹಳಿಯ ಉದ್ದಕ್ಕೆ ಸುರಿಯಬೇಕು: ಉದ್ದ ಇಮ್ಮಡಿಯಾದರೆ ಬಲ ಅರ್ಧವಾಗುತ್ತದೆ. ಅದಾಗದಿದ್ದರೆ ಉದ್ದನೆಯ ರಬ್ಬರನ್ನು ರಾಟೆಗಳ ಮೇಲೆ ಹಾಯಿಸಿ, ಹಳಿಯ ತುದಿಯಲ್ಲೂ ಅದು ಬಿಗಿಯಾಗಿಯೇ ಉಳಿಯುವಂತೆ ಮಾಡಿದರೆ ಎಳೆತ ಬಹುಮಟ್ಟಿಗೆ ಸಮನಾಗುತ್ತದೆ.

ಎದುರು ಗಾಳಿಯಂತೂ ಪುಕ್ಕಟೆ ಸಹಾಯ. ಸೆಕೆಂಡಿಗೆ 3 ಮೀಟರ್ ಗಾಳಿಯಿದ್ದರೆ ರಬ್ಬರ್ ಕೊಡಬೇಕಾದ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಳಿತಾಯ. ಮಂಗಳೂರಿನ ಕಡಲತೀರದಲ್ಲಿ ಗಾಳಿಯ ಸಾಂದ್ರತೆ ಹೆಚ್ಚಿರುವುದರಿಂದ ತುಸು ಕಡಿಮೆ ವೇಗವೂ ಸಾಕಾಗುತ್ತದೆ.

ಪ್ರೊಪೆಲ್ಲರ್ ಹಿಂಬದಿಯಲ್ಲಿದ್ದರೆ ಗಾಡಿಗೋ ಹಗ್ಗಕ್ಕೋ ತಾಗೀತು. ಅದಕ್ಕೇ ಆರ್ಡುಪೈಲಟ್‌ನಂಥ ಹಾರಾಟ ನಿಯಂತ್ರಣ ತಂತ್ರಾಂಶ ವೇಗೋತ್ಕರ್ಷವನ್ನು ಗುರುತಿಸಿ, ನಾವು ನಿಗದಿ ಮಾಡಿದಷ್ಟು ಹೊತ್ತು ತಡೆದು, ಬಳಿಕ ಮೋಟಾರ್ ಚಾಲೂ ಮಾಡುತ್ತದೆ.

ರಬ್ಬರ್ ಬಿಸಿಲಿಗೂ ಓಝೋನಿಗೂ ಸೀಳು ಬಿಡುತ್ತದೆ. ಪ್ರತಿ ಹಾರಾಟಕ್ಕೂ ಮುನ್ನ ಬೆರಳಾಡಿಸಿ ನೋಡಿ; ಸೀಳು ಕಂಡರೆ ಎಸೆದುಬಿಡಿ. ಗಾಡಿಯನ್ನು ಹಿಡಿದಿಟ್ಟ ಕೊಂಡಿ ಬಿಡಿಸಲು ಕೈ ಹಾಕಬೇಡಿ, ಪಕ್ಕದಲ್ಲಿ ನಿಂತು ಕಾಲಲ್ಲಿ ಒತ್ತುವ ಪೆಡಲ್ ಇಟ್ಟುಕೊಳ್ಳಿ. ಹಳಿಯ ಮುಂದೆ ಯಾರನ್ನೂ, ವಿಡಿಯೊ ತೆಗೆಯುವ ಗೆಳೆಯನನ್ನೂ, ನಿಲ್ಲಗೊಡಬೇಡಿ.